ಬೆಟ್ಟದ ದೇವಾಲಯಕ್ಕೆ ಹೆಗಲು ಕೊಟ್ಟವರು

ಬೆಟ್ಟದ ಮೇಲಿನ ದೇವಾಲಯವನ್ನು ನೋಡಿ ಬಂದವರು ಗೋಪುರವನ್ನು ಹೊಗಳುತ್ತಾರೆ, ಪೀಠವನ್ನು ಹೊಗಳುತ್ತಾರೆ. ಹತ್ತಿದ ದಾರಿಯ ಮಾತನ್ನು ಎತ್ತುವವರು ವಿರಳ. ದಾರಿಯೂ ದೇವಾಲಯದ ಒಂದು ಅಂಗ, ಆ ದಾರಿಯಲ್ಲಿ ದುಡಿದವರೂ ಅದನ್ನು ಕಟ್ಟಿದವರೇ ಎಂಬುದು ನಮ್ಮ ಅಭಿಪ್ರಾಯ.

ಈ ಮಾತನ್ನು ಕಲ್ಲಿನಲ್ಲಿ ತೋರಿಸಿಕೊಟ್ಟ ಶಿಲ್ಪವೊಂದಿದೆ. ಯೂರೋಪಿನಲ್ಲಿ 17, 18ನೆಯ ಶತಮಾನಗಳಲ್ಲಿ ಮೆರೆದ ಬರೋಕ್ ಶೈಲಿಯ ಶಿಲ್ಪಿಗಳು ಗೋಡೆಗಳನ್ನು ಬಳುಕಿಸಿದರು, ಬೆಳಕು ನೆರಳುಗಳನ್ನು ಆಡಿಸಿದರು. ಭಕ್ತನ ಕಣ್ಣಿಗಷ್ಟೇ ಅಲ್ಲ, ಕಾಲಿಗೂ ಕೆಲಸ ಕೊಟ್ಟರು. ಪೋರ್ಚುಗಲ್ ದೇಶದ ಬ್ರಾಗಾ ಪಟ್ಟಣದ ಹೊರಗೆ ಬೊಂ ಜೆಸುಸ್ ಎಂಬ ಬೆಟ್ಟವಿದೆ. ಅಲ್ಲಿನ ಮಹಾಧರ್ಮಾಧ್ಯಕ್ಷರು 1722ರಲ್ಲಿ ಆರಂಭಿಸಿದ ಮೆಟ್ಟಿಲುಗಳು ಎಡಕ್ಕೂ ಬಲಕ್ಕೂ ತಿರುಗುತ್ತ 116 ಮೀಟರ್ ಎತ್ತರ ಏರುತ್ತವೆ. ದಾರಿಯುದ್ದಕ್ಕೂ ಕ್ರಿಸ್ತನ ಪಾಡುಗಳ ಚಿಕ್ಕ ಗುಡಿಗಳಿವೆ. ನಡುವೆ ಪಂಚೇಂದ್ರಿಯಗಳ ಕಾರಂಜಿಗಳು: ಒಂದು ಮೂರ್ತಿಯ ಕಣ್ಣಿನಿಂದ, ಇನ್ನೊಂದರ ಕಿವಿಯಿಂದ ನೀರು ಸುರಿಯುತ್ತದೆ. ತುದಿಯಲ್ಲಿರುವ ದೇವಾಲಯ ಆಮೇಲೆ ಕಟ್ಟಿದ್ದು, ಅದರ ಶೈಲಿಯೂ ಬೇರೆ. ಜನರ ನೆನಪಿನಲ್ಲಿ ನಿಂತಿರುವುದು ಮೆಟ್ಟಿಲುಗಳೇ. 2019ರಲ್ಲಿ ಯುನೆಸ್ಕೊ ಆ ಸ್ಥಳವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇನ್ನು ನಮ್ಮ ಸೀಮೆಗೆ ಬರೋಣ. ಕಂಬಂ ಕಣಿವೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ನಮ್ಮ ಜನರಿಗೆ ಕೊಡೈಕಾನಲ್ ಅಪರಿಚಿತ ಊರಲ್ಲ. ಅಲ್ಲಿನ ಗುಡ್ಡದ ಮೇಲಿನ ಸಲೇತ್ ಮಾತೆಯ ದೇವಾಲಯವನ್ನು 1860ರ ದಶಕದಲ್ಲಿ ಕಟ್ಟಿಸಿದವರು ಯೇಸುಸಭೆಯ ಫ್ರೆಂಚ್ ಗುರು ಲೂಯಿ ಸೆಂ ಸೀರ್. ಫ್ರಾನ್ಸಿನ ಲ ಸಲೆತ್ ಬೆಟ್ಟದಲ್ಲಿ 1846ರಲ್ಲಿ ದೇವಮಾತೆಯನ್ನು ಕಂಡೆವೆಂದು ಹೇಳಿದವರು ದನ ಕಾಯುತ್ತಿದ್ದ ಇಬ್ಬರು ಬಡ ಮಕ್ಕಳು. ಅದೇ ಹೆಸರಿನ ಈ ದೇವಾಲಯಕ್ಕೆ ಆಗಸ್ಟ್ ಹಬ್ಬದಲ್ಲಿ ಜನ ಕೂಡುತ್ತಾರೆ. ಬರೋಕ್ ವೈಭವ ಇಲ್ಲಿಲ್ಲ. ಬ್ರಾಗಾದ ಮೆಟ್ಟಿಲುಗಳ ಸ್ಥಾನದಲ್ಲಿ ಇಲ್ಲಿ ಇದ್ದದ್ದು ಮನುಷ್ಯರ ಹೆಗಲು.

ಆಗ ಘಾಟಿಯಲ್ಲಿ ಮೋಟಾರು ರಸ್ತೆ ಇರಲಿಲ್ಲ. ಅದು ಬಂದದ್ದು 1910ರ ದಶಕದಲ್ಲಿ. ಪೆರಿಯಕುಳಂ ಬಳಿಯ ಬೆಟ್ಟದಡಿಯಿಂದ ಕಡಿದಾದ ಕಾಲುದಾರಿಯಲ್ಲಿ ಏರಬೇಕಿತ್ತು. ದೊರೆಗಳು ಕುದುರೆಯ ಮೇಲೋ ಡೋಲಿಯಲ್ಲೋ ಹೋದರು. ಡೋಲಿಗೆ ಹೆಗಲು ಕೊಟ್ಟವರು ಕೂಲಿಯಾಳುಗಳು. ಕೆಳಗಿನಿಂದ ಬರಬೇಕಾದ ಸಾಮಾನೂ ಪ್ರಾಣಿಗಳ ಬೆನ್ನಿನ ಮೇಲೆ ಇಲ್ಲವೆ ಇವರ ತಲೆಯ ಮೇಲೆ ಬಂತು. ಬ್ರಾಗಾ ಬೆಟ್ಟದಲ್ಲಿ 1882ರಲ್ಲೇ ನೀರಿನ ಭಾರದಿಂದ ಏರುವ ಹಳಿಬಂಡಿ ಬಂತು. ಅದೇ ಕಾಲದಲ್ಲಿ ನಮ್ಮ ಬೆಟ್ಟದಲ್ಲಿ ಆ ಭಾರವನ್ನು ಮನುಷ್ಯರು ಹೊರುತ್ತಿದ್ದರು.

ಅವರಿಗೆ ಕೂಲಿ ಸಂದಿತಲ್ಲ, ಇನ್ನೇನು ಎಂದು ಕೆಲವರು ಕೇಳಬಹುದು. ಕೂಲಿಯಿಂದ ಸಾಲ ತೀರುತ್ತದೆ, ಋಣ ತೀರುವುದಿಲ್ಲ. ಕಟ್ಟಿಸಿದ ಗುರುಗಳ ಹೆಸರು ಇಂದಿಗೂ ಉಳಿದಿದೆ, ಉಳಿಯಲಿ. ಹೊತ್ತವರ ನೆನಪಿಗೂ ಅದರ ಪಕ್ಕದಲ್ಲಿ ಎಡೆ ಇರಬೇಕು.

ಆದುದರಿಂದ ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ಹಬ್ಬದ ಪ್ರಾರ್ಥನೆಯಲ್ಲಿ ಆ ಹೊರೆಯಾಳುಗಳನ್ನೂ ನೆನೆಯೋಣ. ಪೆರಿಯಕುಳಂ ಸುತ್ತಿನ ಹಳ್ಳಿಗಳಲ್ಲಿ ಡೋಲಿ ಹೊತ್ತವರ ಮೊಮ್ಮಕ್ಕಳು, ಮರಿಮಕ್ಕಳು ಸಿಕ್ಕಿದರೆ ಹಿರಿಯರ ಹೆಸರು ಕೇಳಿ ಬರೆದಿಡೋಣ. ಇಂದಿಗೂ ನಮ್ಮ ಕಣಿವೆಯ ಹೆಣ್ಣುಮಕ್ಕಳು ಕತ್ತಲಿರುವಾಗಲೇ ಜೀಪುಗಳಲ್ಲಿ ಒತ್ತೊತ್ತಾಗಿ ಕುಳಿತು ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಘಾಟಿ ಹತ್ತುತ್ತಾರೆ. ಸತ್ತವರ ಹೆಸರನ್ನು ಗೌರವಿಸುವ ನಾವು, ಬದುಕಿರುವ ಇವರು ಸಂಜೆ ಕ್ಷೇಮವಾಗಿ ಮನೆ ಸೇರುವರೋ ಇಲ್ಲವೋ ಎಂದೂ ವಿಚಾರಿಸಬೇಕು.