ಒಂದೇ ಮೋಡದ ಮಕ್ಕಳಾ?

ಬೇಲೂರಿನ ನಕ್ಷತ್ರಾಕಾರದ ಜಗತಿ, ಅರಸೀಕೆರೆ ಈಶ್ವರ ದೇವಸ್ಥಾನದ ನಕ್ಷತ್ರಾಕಾರದ ಮಂಟಪ ನೋಡೋಕೆ ಜನ ಎಲ್ಲೆಲ್ಲಿಂದಲೋ ಬರ್ತಾರೆ. ಕತ್ತಲಾದ ಮೇಲೆ ಅದೇ ಊರುಗಳ ದಕ್ಷಿಣದ ಆಕಾಶ ನೋಡುವವರು ಕಡಿಮೆ. ಏಪ್ರಿಲ್ ಕೊನೆಯಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ, ತೆಂಗಿನ ತೋಟ ಅಡ್ಡ ಬರದ ಬಯಲಲ್ಲಿ ನಿಂತರೆ (ಅರಸೀಕೆರೆ ಸೀಮೆಯಲ್ಲಿ ಅಂಥ ಬಯಲು ಹುಡುಕೋದೇ ಒಂದು ಕೆಲಸ!) ದಿಗಂತದಿಂದ ಸುಮಾರು 29 ಡಿಗ್ರಿ ಮೇಲೆ ಒಂದು ಮಸುಕು ಚುಕ್ಕಿ ಕಾಣುತ್ತೆ. ಅದು ಒಮೆಗಾ ಸೆಂಟಾರಿ. ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿರುವ, ಒಂದು ಕೋಟಿಯಷ್ಟು ನಕ್ಷತ್ರಗಳ ಗುಚ್ಛ.

ಇಂಥ ಗುಚ್ಛದ ನಕ್ಷತ್ರಗಳೆಲ್ಲ ಒಂದೇ ಮೋಡದಿಂದ ಒಂದೇ ಕಾಲಕ್ಕೆ ಹುಟ್ಟಿದ ಒಡಹುಟ್ಟುಗಳು, ಎಲ್ಲದರಲ್ಲೂ ಒಂದೇ ಸರಕು ಅನ್ನೋದು ಬಹುಕಾಲ ಪುಸ್ತಕಗಳಲ್ಲಿದ್ದ ಮಾತು. ಕೇಳೋಕೆ ಚೆಂದ, ಆದರೆ ನಿಜವಲ್ಲ. ಒಮೆಗಾ ಸೆಂಟಾರಿಯಲ್ಲಿ ಕಬ್ಬಿಣದ ಪ್ರಮಾಣವೇ ಒಂದರಿಂದ ಇನ್ನೊಂದಕ್ಕೆ ಹತ್ತಾರು ಪಟ್ಟು ಬೇರೆ. ಕೆಲವಕ್ಕೆ ಹೀಲಿಯಂ ಕೂಡ ಜಾಸ್ತಿ.

ಹೀಲಿಯಂ ವಿಷಯ ಮಜಾ ಇದೆ. ತಂಪು ದೈತ್ಯ ನಕ್ಷತ್ರಗಳ ಬೆಳಕಿನಲ್ಲಿ ಅದು ಸುಲಭವಾಗಿ ಗುರುತು ಬಿಡೋದಿಲ್ಲ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಬಿ.ಪಿ. ಹೇಮಾ ಮತ್ತು ಗಜೇಂದ್ರ ಪಾಂಡೆ ಕಾವಲೂರಿನ 2.34 ಮೀಟರ್ ವೈನು ಬಾಪು ದೂರದರ್ಶಕದಲ್ಲಿ ನೋಡಿದ್ದು ಮೆಗ್ನೀಷಿಯಂ ಹೈಡ್ರೈಡ್ ಅಣುವಿನ ಗುರುತನ್ನು. ಮೆಗ್ನೀಷಿಯಂ ಸಾಕಷ್ಟಿದ್ದೂ ಆ ಗುರುತು ಕೆಲವು ನಕ್ಷತ್ರಗಳಲ್ಲಿ ಇರಬೇಕಾದ್ದಕ್ಕಿಂತ ಮಂಕಾಗಿತ್ತು. ಅಂದ್ರೆ ಹೈಡ್ರೋಜನ್ನೇ ಕಡಿಮೆ. ಆ ಜಾಗದಲ್ಲಿ ಹೀಲಿಯಂ ಕೂತಿದೆ. ಇದು 2014ರ ಮಾತು. 2020ರಲ್ಲಿ ದಕ್ಷಿಣ ಆಫ್ರಿಕಾದ ದೊಡ್ಡ ದೂರದರ್ಶಕದಿಂದ ಇನ್ನೂ ಸೂಕ್ಷ್ಮವಾಗಿ ನೋಡಿ ಗಟ್ಟಿಮಾಡಿದರು.

ಸರಿ, ಹೆಚ್ಚುವರಿ ಹೀಲಿಯಂ ಬಂದಿದ್ದೆಲ್ಲಿಂದ? 'ಅದು ಗುಚ್ಛವೇ ಅಲ್ಲ, ನಮ್ಮ ಗ್ಯಾಲಕ್ಸಿ ನುಂಗಿದ ಕುಬ್ಜ ಗ್ಯಾಲಕ್ಸಿಯೊಂದರ ತಿರುಳು' ಅಂತ ಹಲವರು ಹೇಳ್ತಾರೆ. ಇರಬಹುದು, ನಾನೂ ನಂಬ್ತೀನಿ. ಆದರೆ ಅಷ್ಟಕ್ಕೇ ಕೈತೊಳೆದುಕೊಳ್ಳೋದು ನನಗೆ ಒಪ್ಪಿಗೆ ಇಲ್ಲ. ಅದು ಕಬ್ಬಿಣದ ವ್ಯತ್ಯಾಸಕ್ಕೆ ಉತ್ತರವಾಗಬಹುದು. ಮಾಮೂಲಿ ಗುಚ್ಛಗಳಲ್ಲೂ ಅನೇಕ ನಕ್ಷತ್ರಗಳಿಗೆ ಸೋಡಿಯಂ ಜಾಸ್ತಿ, ಆಮ್ಲಜನಕ ಕಡಿಮೆ ಇರುತ್ತಲ್ಲ, ಅದಕ್ಕೇನು ಹೇಳೋದು? ಆ ಅಡುಗೆಗೆ ಹಲವು ಕೋಟಿ ಡಿಗ್ರಿ ಬಿಸಿ ಬೇಕು. ಈ ಪುಟ್ಟ ನಕ್ಷತ್ರಗಳ ಹೊಟ್ಟೆಯಲ್ಲಿ ಅಷ್ಟು ಬೆಂಕಿ ಇಲ್ಲ. ಬೇರೆ ಯಾರೋ ಬೇಯಿಸಿ ಉಗುಳಿದ್ದು ಇವಕ್ಕೆ ಸೇರಿದೆ.

ಯಾರು? ಮಧ್ಯಮ ತೂಕದ ಮುದಿ ನಕ್ಷತ್ರಗಳು ಅಂತ ಒಂದು ಪಕ್ಷ. ಗಿರಗಿರ ತಿರುಗುವ ಭಾರಿ ನಕ್ಷತ್ರಗಳು ಅಂತ ಇನ್ನೊಂದು. ಸಾವಿರಾರು ಸೂರ್ಯರ ತೂಕದ ಮಹಾಕಾಯಗಳು ಅಂತ ಮತ್ತೊಂದು. ಮೊದಲೆರಡರ ಲೆಕ್ಕ ಕೂಡೋದೇ ಕಷ್ಟ. ಎಷ್ಟೋ ಗುಚ್ಛಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಕ್ಷತ್ರಗಳೇ ಹೀಗಿವೆ. ಹಿರಿಯರು ಉಗುಳಿದ್ದು ಅಷ್ಟಕ್ಕೆ ಸಾಲೋಲ್ಲ. ಹಸು ಕರೆದದ್ದು ಎರಡು ಲೀಟರ್, ಡೈರಿಗೆ ಹಾಕಿದ್ದು ಹತ್ತು ಲೀಟರ್ ಅಂದಂತೆ! ಮಹಾಕಾಯಗಳಿಗೆ ಲೆಕ್ಕ ಸರಿಹೋಗಬಹುದು, ಆದರೆ ಅವನ್ನು ಇನ್ನೂ ಯಾರೂ ಕಂಡಿಲ್ಲ.

ಹಾಗಾಗಿ ಕನ್ನಡದಲ್ಲಿ ವಿಜ್ಞಾನ ಬರೆಯೋರಿಗೆ ನನ್ನದೊಂದು ತಕರಾರು. 'ಮೊದಲ ಪೀಳಿಗೆ ಸತ್ತಿತು, ಅದರ ಬೂದಿಯಿಂದ ಎರಡನೇ ಪೀಳಿಗೆ ಹುಟ್ಟಿತು' ಅಂತ ಕಥೆ ಮುಗಿಸಿಬಿಡಬೇಡಿ. ಆ ಹಾಲಿನ ಲೆಕ್ಕವನ್ನೂ ಹೈಸ್ಕೂಲ್ ಹುಡುಗರ ಮುಂದೆ ಇಡಿ. ಅರ್ಥವಾಗೋಲ್ಲ ಅಂತೀರಾ? ಹಾಸನ ಜಿಲ್ಲೆಯ ಮಕ್ಕಳಿಗೆ ಡೈರಿ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ ಬಿಡಿ.