ಸತ್ಯವೇದವೂ ಸಹಪಂಕ್ತಿಯೂ

ನಮ್ಮ ಸಭೆಗಳಲ್ಲಿ ಎರಡು ದೂರುಗಳು ಸದಾ ಕಿವಿಗೆ ಬೀಳುತ್ತವೆ. ದಿನಾ ಬೆಳಿಗ್ಗೆ ಸತ್ಯವೇದ ಓದುವವರಿಗೆ, ಉಳಿದವರು ಆರಾಧನೆಗೆ ಬರುವುದೇ ಆಮೇಲಿನ ಹರಟೆಗೆ ಎಂಬ ಅಸಮಾಧಾನ. ಹರಟೆಯವರಿಗೆ, ವಚನಗಳನ್ನು ಬಾಯಿಪಾಠ ಮಾಡಿದವರು ಪಕ್ಕದ ಬೆಂಚಿನವನ ಕಷ್ಟ ವಿಚಾರಿಸುವುದಿಲ್ಲ ಎಂಬ ಸಿಟ್ಟು. ಇಬ್ಬರೂ ಓದನ್ನೂ ಅನ್ಯೋನ್ಯತೆಯನ್ನೂ ಬೇರೆ ಬೇರೆ ಖಾತೆಗೆ ಬರೆಯುತ್ತಾರೆ. ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯವಾದರೋ ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ಓದಿದ್ದು ಮೈಗೆ ಹತ್ತಿತೋ ಇಲ್ಲವೋ ಎಂಬುದು ಊಟದ ಪಂಕ್ತಿಯಲ್ಲಿ, ಹಣದ ವ್ಯವಹಾರದಲ್ಲಿ ಗೊತ್ತಾಗುತ್ತದೆ ಎಂಬುದು ನನ್ನ ವಾದ.

ಕೊರಿಂಥದ ಸಭೆಗೆ ಜ್ಞಾನದ ಕೊರತೆ ಇರಲಿಲ್ಲ. ಜ್ಞಾನದ ಜಂಬವೇ ಹೆಚ್ಚಾಗಿತ್ತು. ಪೌಲ ಮೊದಲ ಪತ್ರದ 11ನೆಯ ಅಧ್ಯಾಯದಲ್ಲಿ ಅವರನ್ನು ತರಾಟೆಗೆ ತೆಗೆದುಕೊಳ್ಳುವುದು ಊಟದ ವಿಚಾರಕ್ಕೆ. ಕೂಡಿಬಂದಾಗ ಉಳ್ಳವರು ತಮ್ಮ ಪಾಲು ಮುಗಿಸಿ ಅಮಲೇರಿಸಿಕೊಳ್ಳುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು. ದುಡಿದು ತಡವಾಗಿ ಬರುವ ಕೂಲಿಗಳು, ದಾಸರೇ ಈ ಹಸಿದವರಿರಬೇಕೆಂದು ಅನೇಕ ವಿದ್ವಾಂಸರ ಊಹೆ. ಪೌಲನ ಮದ್ದು ಸರಳ: ಒಬ್ಬರಿಗಾಗಿ ಒಬ್ಬರು ಕಾಯಬೇಕು. ಕರ್ತನ ಭೋಜನದಂದು ನಾವು ತಲೆಬಾಗಿ ಕೇಳುವ ಗಂಭೀರ ಮಾತುಗಳು ಬಂದಿರುವುದು ಈ ಬೈಗುಳದ ನಡುವೆಯೇ. ಸಾಮಾನ್ಯವಾಗಿ ಓದು ಶುರುವಾಗುವುದು 23ನೆಯ ವಚನದಿಂದ. ಬೈಗುಳ ಶುರುವಾಗುವುದು 17ರಿಂದ. ಆ ಆರು ವಚನ ಬಿಟ್ಟುಬಿಟ್ಟರೆ ಸಂಸ್ಕಾರ ಬಹಳ ಸಲೀಸು.

ಹಣದ ಮಾತಿಗೆ ಬಂದರೆ, 1742ರಲ್ಲಿ ಬ್ರಿಸ್ಟಲ್‌ನ ಮೆಥೊಡಿಸ್ಟರು ಪ್ರಾರ್ಥನಾಮಂದಿರದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ ತಲೆಗೆ ವಾರಕ್ಕೊಂದು ಪೆನ್ನಿ ಎತ್ತತೊಡಗಿದರು. ಕೊಡಲಾಗದವರ ಪಾಲನ್ನು ಮುಖಂಡನೇ ತುಂಬಬೇಕು. ಮನೆಮನೆ ತಿರುಗಿದ ಮುಖಂಡರಿಗೆ ಗಂಡಹೆಂಡಿರ ಜಗಳ, ಕುಡಿತ ಎಲ್ಲವೂ ಕಣ್ಣಿಗೆ ಬಿತ್ತು. ಈ ವಸೂಲಿ ಗುಂಪುಗಳೇ ಆತ್ಮಗಳ ಯೋಗಕ್ಷೇಮ ನೋಡಿಕೊಳ್ಳಲಿ ಎಂದು ಮೆಥೊಡಿಸ್ಟರ ನಾಯಕ ಜಾನ್ ವೆಸ್ಲಿಗೆ ಹೊಳೆದದ್ದು ಆಗಲೇ.

ಕರಾವಳಿಯಲ್ಲಿ ಲೆಕ್ಕ ಇನ್ನೂ ದುಬಾರಿಯಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಮನೆಯಲ್ಲಿ ಕೂಡಿ ಸತ್ಯವೇದ ಓದುವ ಜರ್ಮನ್ ಭಕ್ತಿಪಂಥದ ಮಕ್ಕಳು. ಜಾತಿಯನ್ನು ಸಭೆಯೊಳಗೆ ಬಿಟ್ಟುಕೊಳ್ಳುವುದಿಲ್ಲ ಎಂಬ ಹಠ ಅವರದು. ದಕ್ಷಿಣ ಕನ್ನಡದಲ್ಲಿ ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು. ದೀಕ್ಷಾಸ್ನಾನ ಪಡೆದು ಎಲ್ಲರೊಡನೆ ಉಂಡವನಿಗೆ ಕುಟುಂಬ ಹೋಯಿತು, ಎಷ್ಟೋ ಸಲ ಒಕ್ಕಲುತನವೂ ಹೋಯಿತು. ಕುಲಕಸುಬಾದ ಶೇಂದಿ ಇಳಿಸುವುದಕ್ಕೆ ಮಿಷನ್ ಒಪ್ಪಲಿಲ್ಲ. ಹಾಗಾದರೆ ಅವನು ತಿನ್ನುವುದೇನು? ಮೊದಲು ಮಗ್ಗ ಬಂತು, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ಬಂತು. ಬಾಸೆಲ್ ಮಿಷನ್ ಹೆಂಚನ್ನು ಉದ್ಯಮದ ಇತಿಹಾಸದಲ್ಲಿ ಮಾತ್ರ ಓದುವುದು ನಮಗೆ ರೂಢಿ. ನನಗೆ ಅದು ಸಭೆಯ ಇತಿಹಾಸವೂ ಹೌದು: ಪಂಕ್ತಿಯಲ್ಲಿ ಕೂರಿಸಿದ ಮೇಲೆ ಅನ್ನಕ್ಕೆ ದಾರಿ ಮಾಡುವ ಹೊಣೆ ಕೂರಿಸಿದವರ ಮೇಲೆ ಬಿತ್ತು. ಇದರಲ್ಲಿ ಕೇಡೂ ಇತ್ತು. ಪ್ರಸಂಗ ಮಾಡುವ ಸಂಸ್ಥೆಯೇ ಸಂಬಳ ಕೊಡುವ ಧಣಿಯಾದಾಗ ಅನ್ಯೋನ್ಯತೆ ಎಲ್ಲಿ ಮುಗಿಯಿತು, ಹಂಗು ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರು ಬಂಧಿತರಾಗಿ ಕಾರ್ಖಾನೆಗಳು ಕೈತಪ್ಪಿದವು. ಸಭೆಗಳು ಉಳಿದುಕೊಂಡವು, ಎಲ್ಲವೂ ಹಂಗಿನದೇ ಆಗಿದ್ದರೆ ಉಳಿಯುತ್ತಿರಲಿಲ್ಲ.

ಚೆನ್ನಾಗಿ ಓದಿದರೆ ಪಂಕ್ತಿ ತಾನಾಗಿ ಸರಿಯಾಗುತ್ತದೆ ಎನ್ನುವವರಿದ್ದಾರೆ. ಅವರು ದಕ್ಷಿಣ ಆಫ್ರಿಕಾದ ಡಚ್ ರಿಫಾರ್ಮ್ಡ್ ಚರ್ಚಿನ ಕಡೆ ನೋಡಬೇಕು. ಮನೆಮನೆಯಲ್ಲೂ ಬೈಬಲ್ ಓದುತ್ತಿದ್ದ ಜನ ಅವರು. ಕರಿಯರೊಡನೆ ಒಂದೇ ಭೋಜನಕ್ಕೆ ಕೂರಲು ಕೆಲವು ಬಿಳಿಯರು ಒಪ್ಪದಿದ್ದಾಗ 1857ರ ಸಿನೊಡ್ ಒಂದು ನಿರ್ಣಯ ಮಾಡಿತು. ಎಲ್ಲರೂ ಒಂದೇ ಸಭೆಯಲ್ಲಿರುವುದೇ ಶಾಸ್ತ್ರಸಮ್ಮತ ಎಂದು ಅದು ಒಪ್ಪುತ್ತದೆ. ಒಪ್ಪಿದ ಬೆನ್ನಿಗೇ ಕೆಲವರ ಬಲಹೀನತೆಯ ಸಲುವಾಗಿ ಬೇರೆ ಆರಾಧನೆಗೆ ಅವಕಾಶ ಕೊಡುತ್ತದೆ. ಶಾಸ್ತ್ರ ಅವರಿಗೆ ಅರ್ಥವಾಗಿತ್ತು, ಅದೇ ಭಯಂಕರ. 1881ರಲ್ಲಿ ಪ್ರತ್ಯೇಕ ಚರ್ಚೇ ಎದ್ದಿತು. ಆ ಪ್ರತ್ಯೇಕತೆಯನ್ನು ಅದೇ ಗ್ರಂಥದ ಬಲದಿಂದ ತಿರಸ್ಕರಿಸಿ 1982ರಲ್ಲಿ ಬೆಲ್ಹಾರ್ ವಿಶ್ವಾಸನಿವೇದನೆಯನ್ನು ಬರೆದದ್ದು ಹೊರಗೆ ಕೂರಿಸಲ್ಪಟ್ಟ ಆ ಚರ್ಚು. ಪಂಕ್ತಿಯಿಂದ ಎಬ್ಬಿಸಲ್ಪಟ್ಟವರ ಓದು ಪಂಕ್ತಿಯ ಮೊದಲಲ್ಲಿ ಕೂತವರಿಗೆ ಸಿಗದ ಅರ್ಥವನ್ನು ಕಾಣಬಲ್ಲದು. ಎಲ್ಲರೂ ಕೂಡಿ ಓದಬೇಕು ಎನ್ನುವುದಕ್ಕೆ ನನಗೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ನಮ್ಮಲ್ಲಿ ಬಲಹೀನತೆಗೆ ಅಷ್ಟು ದೊಡ್ಡ ನಿರ್ಣಯ ಬೇಕಾಗುವುದಿಲ್ಲ. ಒಂದೇ ಬಟ್ಟಲಿನಿಂದ ಕುಡಿದವರು ಮಗಳ ಮದುವೆ ಮಾತು ಬಂದಾಗ ಅಜ್ಜನ ಕಾಲದ ಜಾತಿ ಕೆದಕುತ್ತಾರೆ. ವಾರದ ಗೃಹಪ್ರಾರ್ಥನೆಯ ಪಾಳಿಯನ್ನೇ ನೋಡಿ. ಒಂದು ಮನೆಯಲ್ಲಿ ಬಿಸ್ಕತ್ತು ಇದ್ದದ್ದು ಮುಂದಿನ ಮನೆಯಲ್ಲಿ ಕಟ್ಲೆಟ್ ಆಗುತ್ತದೆ, ಅದರ ಮುಂದಿನದರಲ್ಲಿ ಬಿರಿಯಾನಿ. ಒಂದೇ ಕೋಣೆಯ ಬಾಡಿಗೆ ಮನೆಯವಳು ಮೆಲ್ಲಗೆ ಪಾಳಿಯಿಂದ ಹೆಸರು ತೆಗೆಸುತ್ತಾಳೆ. ಕೆಲವು ತಿಂಗಳಲ್ಲಿ ಬರುವುದನ್ನೂ ಬಿಡುತ್ತಾಳೆ. ಆಮೇಲೆ ಅವಳ ಭಕ್ತಿ ತಣ್ಣಗಾಗಿದೆ ಎಂದು ಪ್ರಾರ್ಥನೆಯ ವಿಷಯಗಳಲ್ಲಿ ಅವಳ ಹೆಸರು ಸೇರುತ್ತದೆ. ಬರೀ ಚಹಾ ಸಾಕು ಎಂದು ಕಮಿಟಿ ನಿರ್ಣಯ ಮಾಡಿದರೆ ಅವಳು ಮತ್ತೆ ಬಂದಾಳು. ಆದರೆ ಅಂಥ ನಿರ್ಣಯ ಮಂಡಿಸಲು ಬಿರಿಯಾನಿ ಕೊಟ್ಟ ಮನೆಯವರೇ ಏಳಬೇಕು.