ಹಳೇ ತಲೆನೋವೇ ಅಂದುಕೊಂಡೆ

ನನಗೆ ತಲೆನೋವು ಶುರುವಾದದ್ದು ಬ್ಯಾಂಕಿಗೆ ಸೇರಿದ ಎರಡನೇ ವರ್ಷ. ಆಗ ಕಂಪ್ಯೂಟರ್ ಎಲ್ಲಿ ಬಂತು ಮಕ್ಕಳೇ? ಲೆಕ್ಕ ತಾಳೆಯಾಗದಿದ್ದರೆ, 12 ಪೈಸೆ ವ್ಯತ್ಯಾಸವಿದ್ದರೂ, ರಾತ್ರಿಯವರೆಗೆ ಲೆಡ್ಜರ್ ಮುಂದೆ ಕೂರಬೇಕಿತ್ತು. ಅಂಥ ಒಂದು ಸಂಜೆ ಅಂಕಿಗಳ ಮೇಲೆ ಗರಗಸದ ಹಲ್ಲಿನಂಥ ಹೊಳೆಯುವ ಗೆರೆ ಕಾಣಿಸಿತು. ಕಣ್ಣು ಉಜ್ಜಿದರೂ ಹೋಗಲಿಲ್ಲ. ಅರ್ಧ ಗಂಟೆಯಲ್ಲಿ ಅದು ತಾನಾಗಿ ಮಾಯವಾಯಿತು, ಆದರೆ ತಲೆಯ ಎಡಭಾಗ ಡೋಲು ಬಡಿದಂತೆ ಮಿಡಿಯತೊಡಗಿತು. ಟ್ಯೂಬ್‌ಲೈಟಿನ ಬೆಳಕು ಕಣ್ಣಿಗೆ ಚುಚ್ಚಿತು. ಪಕ್ಕದ ಮೇಜಿನ ಕಾಫಿಯ ವಾಸನೆಗೇ ವಾಂತಿ ಬಂತು.

ನಮ್ಮಮ್ಮ ಇದನ್ನು ಅರೆತಲೆನೋವು ಅನ್ನುತ್ತಿದ್ದಳು. ಅವಳಿಗೂ ಇತ್ತು. ಡಾಕ್ಟರು ಮೈಗ್ರೇನ್ ಅಂದರು. ಇದು ಅನೇಕ ವೇಳೆ ಮನೆತನದಲ್ಲೇ ಹರಿದುಬರುತ್ತದಂತೆ. ಅಮ್ಮ ನನಗೆ ಬಿಟ್ಟುಹೋದ ಆಸ್ತಿ ಇದೊಂದೇ!

ಸುಮಾರು 45 ವರ್ಷ ಇದರ ಜೊತೆ ಸಂಸಾರ ಮಾಡಿದ್ದೇನೆ. ಡಾಕ್ಟರು ಕೊಟ್ಟ ಮಾತ್ರೆಯನ್ನು ನೋವು ಶುರುವಾಗುತ್ತಿದ್ದಂತೆಯೇ ನುಂಗಬೇಕು. "ತಡೆದು ನೋಡೋಣ" ಅಂತ ಎರಡು ಗಂಟೆ ಕಾದರೆ ಹೊಟ್ಟೆಯೂ ಮುಷ್ಕರ ಹೂಡುತ್ತದೆ, ಮಾತ್ರೆ ಹಿಡಿಯುವುದಿಲ್ಲ. ಆಮೇಲೆ ಕತ್ತಲೆ ಕೋಣೆ, ಹಣೆಗೆ ತಣ್ಣನೆ ಬಟ್ಟೆ, ಗುಟುಕು ಗುಟುಕಾಗಿ ನೀರು, ನಿದ್ದೆ. ನನಗೆ ತಿಂಡಿ ಬಿಟ್ಟರೆ, ನಿದ್ದೆಗೆಟ್ಟರೆ, ಬಿಸಿಲಲ್ಲಿ ಅಲೆದರೆ ಬರುತ್ತಿತ್ತು. ಚಿಕ್ಕವರಿಗೂ ಮೈಗ್ರೇನ್ ಬರುತ್ತದೆ. ಅವರಿಗೆ ಒಂದೇ ಕಡೆ ನೋಯಬೇಕೆಂದಿಲ್ಲ, ಹಣೆಯಿಡೀ ನೋಯಬಹುದು. ಶಾಲೆ ತಪ್ಪಿಸುವ ನೆಪ ಅಂತ ಗದರಬೇಡಿ. ಹಾಗೆಂದು ಅಜ್ಜಿಯ ಡಬ್ಬಿಯ ಮಾತ್ರೆಯನ್ನೂ ಕೊಡಬೇಡಿ. ಮಕ್ಕಳಿಗೆ ಆಸ್ಪಿರಿನ್ ಅಪಾಯ, ಪ್ಯಾರಾಸಿಟಮಾಲ್ ಕೂಡ ತೂಕ ನೋಡಿ ಕೊಡುವಂಥದ್ದು.

ನಾನು ಮಾಡಿದ ಒಂದು ತಪ್ಪು ಹೇಳಿಬಿಡುತ್ತೇನೆ. ಒಂದು ಕಾಲದಲ್ಲಿ ಜೇಬಿನಲ್ಲೇ ಮಾತ್ರೆ ಇಟ್ಟುಕೊಂಡು ದಿನ ಬಿಟ್ಟು ದಿನ ನುಂಗುತ್ತಿದ್ದೆ. ನೋವು ಕಡಿಮೆಯಾಗುವ ಬದಲು ಹೆಚ್ಚಾಯಿತು. ತಿಂಗಳಲ್ಲಿ 10-15 ದಿನ ನೋವಿನ ಮಾತ್ರೆ ತಿಂದರೆ ಮಾತ್ರೆಯೇ ತಲೆನೋವು ತರುತ್ತದೆ ಅಂತ ಡಾಕ್ಟರು ವಿವರಿಸಿದರು. ಒಂದು ನೋಟ್‌ಬುಕ್ ಇಡಿ, ಯಾವತ್ತು ಬಂತು, ಯಾವ ಕಡೆ, ಎಷ್ಟು ಹೊತ್ತು, ಏನು ನುಂಗಿದಿರಿ, ಎಲ್ಲ ಬರೆಯಿರಿ ಅಂದರು. ಬ್ಯಾಂಕಿನವನಿಗೆ ಇದಕ್ಕಿಂತ ಸುಖ ಇನ್ನೇನಿದೆ? ಕೆಂಪು ಗೆರೆ ಎಳೆದು ಕಾಲಂ ಮಾಡಿಕೊಂಡೆ.

ಆ ನೋಟ್‌ಬುಕ್ಕೇ ಎರಡು ವರ್ಷದ ಹಿಂದೆ ಕೆಲಸಕ್ಕೆ ಬಂತು. ದೀಪಾವಳಿಗೆ ಅಟ್ಟ ಗುಡಿಸುವಾಗ ತೊಲೆಗೆ ತಲೆ ಹೊಡೆಸಿಕೊಂಡಿದ್ದೆ. ರಕ್ತ ಬರಲಿಲ್ಲ, ಒಂದು ಬುಗುಟು ಅಷ್ಟೇ. ಮರೆತೂಹೋಯಿತು. ಮೂರು ವಾರದ ಮೇಲೆ ತಲೆನೋವು ಬಂತು. ಹಳೇ ನೆಂಟ ಅಂದುಕೊಂಡು ಮಾತ್ರೆ ನುಂಗಿ ಮಲಗಿದೆ. ಮರುದಿನವೂ ಇತ್ತು, ಮೂರನೇ ದಿನವೂ ಇತ್ತು. ಏಳನೇ ಕ್ಲಾಸಿನ ಮೊಮ್ಮಗಳು ನನ್ನ ಹಾಸಿಗೆ ಪಕ್ಕ ಕೂತು ನೋಟ್‌ಬುಕ್ ತಿರುವುತ್ತಿದ್ದವಳು ಕೇಳಿದಳು:

"ಅಜ್ಜ, ಈ ಸಲ ನೀನು ಲೈಟ್ ಆರಿಸು ಅಂತ ಹೇಳಲೇ ಇಲ್ಲವಲ್ಲ? ವಾಂತಿಯೂ ಇಲ್ಲ. ಯಾವತ್ತೂ ಒಂದೇ ದಿನಕ್ಕೆ ಹೋಗ್ತಿತ್ತು ಅಂತ ಇಲ್ಲಿ ಬರೆದಿದ್ದೀಯ. ಮತ್ತೆ ನಿನ್ನ ಎಡಗಾಲಿನ ಚಪ್ಪಲಿ ಯಾಕೆ ಎಳೀತಿದೆ?"

ಚಪ್ಪಲಿ ಎಳೆಯುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಸೊಸೆ ಗಾಬರಿಯಾಗಿ ಮಗನಿಗೆ ಫೋನ್ ಮಾಡಿದಳು. "ಬೆಳಿಗ್ಗೆ ನೋಡೋಣ ಬಿಡಿ" ಅಂತ ನಾನು ಗೊಣಗಿದೆ, ಯಾರೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡಿದರು. ತಲೆಬುರುಡೆಗೂ ಮಿದುಳಿಗೂ ನಡುವೆ ರಕ್ತ ಜಿನುಗಿ ನಿಂತು ಮಿದುಳನ್ನು ಒತ್ತುತ್ತಿತ್ತು. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ, ಅಲ್ಲಿನ ಸಣ್ಣ ರಕ್ತನಾಳಗಳು ಬಿಗಿಯುತ್ತವೆ, ಸಣ್ಣ ಪೆಟ್ಟಿಗೂ ಹರಿಯುತ್ತವೆ. ನಾನು ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ಬೇರೆ ತಿನ್ನುತ್ತಿದ್ದೆ. ಬುರುಡೆಗೆ ಸಣ್ಣ ತೂತು ಕೊರೆದು ರಕ್ತ ಹೊರತೆಗೆದರು. ವಾರದಲ್ಲಿ ಮನೆಗೆ ಬಂದೆ. ಬೋಳು ತಲೆಗೆ ಹೊಲಿಗೆ ಹಾಕುವುದು ಸುಲಭ ಅಂತ ನರ್ಸಮ್ಮ ನಕ್ಕರು.

ನನ್ನ ಓರಗೆಯವರಿಗೆ ಡಾಕ್ಟರು ಹೇಳಿಕೊಟ್ಟದ್ದನ್ನು ದಾಟಿಸುತ್ತೇನೆ. ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಬಂದ ತಲೆನೋವನ್ನು ಮೈಗ್ರೇನ್ ಅಂತ ನೀವೇ ಹೆಸರಿಡಬೇಡಿ. ತಲೆ ಬಾಚುವಾಗ ಕಣತೆ ನೋಯ್ದರೆ, ಅಗಿಯುವಾಗ ದವಡೆ ನೋಯ್ದರೆ ಅವತ್ತೇ ತೋರಿಸಿ, ಕಣ್ಣಿಗೆ ಕುತ್ತು ಬರಬಹುದು. ಸಿಡಿಲು ಬಡಿದಂತೆ ಒಂದೇ ನಿಮಿಷದಲ್ಲಿ ತಾರಕಕ್ಕೇರುವ ನೋವು, ಜ್ವರದ ಜೊತೆ ಕತ್ತು ಬಗ್ಗಿಸಲಾಗದಿರುವುದು, ಬಾಯಿ ಸೊಟ್ಟಗಾಗಿ ಮಾತು ತೊದಲುವುದು, ಕೈಕಾಲು ಸೋಲುವುದು, ಫಿಟ್ಸ್ ಬರುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಬೇಕು. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗಿನ ಸಮಯ ಮಾತ್ರ. ಹಳೇ ಮೈಗ್ರೇನೇ ಆದರೂ ಮೂರು ದಿನ ದಾಟಿದರೆ, ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಡಾಕ್ಟರಲ್ಲಿಗೆ ಹೋಗಲೇಬೇಕು. ಮಕ್ಕಳು ತಲೆನೋವಿಗೆ ನಿದ್ದೆಯಿಂದ ಎಚ್ಚರಾದರೆ, ಬೆಳಿಗ್ಗೆ ಎದ್ದೊಡನೆ ಪದೇ ಪದೇ ವಾಂತಿ ಮಾಡಿದರೆ, ಅದನ್ನೂ ತೋರಿಸಿ.

ಆಸ್ಪತ್ರೆಯಿಂದ ಬಂದ ದಿನ ನೋಟ್‌ಬುಕ್ ತೆರೆದೆ. ಆ ಮೂರು ದಿನದ ಸಾಲಿನಲ್ಲಿ ನಾನು ಬರೆದಿದ್ದ "ಮೈಗ್ರೇನ್" ಪದವನ್ನು ಮೊಮ್ಮಗಳು ಹೊಡೆದುಹಾಕಿ "ಅಲ್ಲ" ಅಂತ ಬರೆದಿದ್ದಳು. ಲೆಡ್ಜರಿನಲ್ಲಿ ಹೊಡೆದು ಬರೆದರೆ ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು ಅಂತ ಹಿಂದೆ ನಾನೇ ಅವಳಿಗೆ ಹೇಳಿದ್ದೆ. ಪೆನ್ನು ಕೈಗೆ ಕೊಟ್ಟು ಹಾಕಿಸಿಕೊಂಡಳು.